ಮರೆವಿನ ಕಾಯಿಲೆಗೆ ಮನೆಬಾಗಿಲ ಮಾತು

ಮೂವತ್ತು ದಾಟಿದವರ ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಮೌಲ್ಯಮಾಪನ ಪಟ್ಟಿಯಲ್ಲಿ ತಂಬಾಕು, ಸಾರಾಯಿ, ಸೊಂಟದ ಸುತ್ತಳತೆ, ಕೆಮ್ಮು, ಬಾಯಿಹುಣ್ಣುಗಳ ಜತೆಗೆ ಅರವತ್ತು ವರ್ಷ ಮೀರಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ಜೋಲಿ ತಪ್ಪುತ್ತದೆಯೇ? ಊಟ, ಸ್ನಾನ, ಬಟ್ಟೆ ತೊಡುವುದಕ್ಕೆ ಬೇರೆಯವರ ಆಸರೆ ಬೇಕೇ? ಹತ್ತಿರದವರ ಹೆಸರಾಗಲಿ ಸ್ವಂತ ಮನೆಯ ವಿಳಾಸವಾಗಲಿ ಮರೆತುಹೋಗುತ್ತದೆಯೇ? ದಾಂಡೇಲಿಯ ಬಂಗೂರನಗರದ ಓಣಿಯಲ್ಲಾಗಲಿ, ಜೋಯಿಡಾದ ಕಾಡಂಚಿನ ಕುಣಬಿ ಮನೆಯಲ್ಲಾಗಲಿ, ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆಯ ಬಗ್ಗೆ ಸರ್ಕಾರಿ ಆರೋಗ್ಯ ವ್ಯವಸ್ಥೆ ಹೊಸ್ತಿಲು ದಾಟಿ ಬಂದು ಕೇಳುವುದು ಬಹುಮಟ್ಟಿಗೆ ಈ ಕೊನೆಯ ಪ್ರಶ್ನೆಯೊಂದನ್ನೇ. ಅದನ್ನೂ ಕೇಳುವುದು ಮರೆವಿರುವವರನ್ನೇ. ಮರೆತದ್ದೇ ಮರೆತುಹೋದವರು "ಇಲ್ಲವಲ್ಲ, ಚೆನ್ನಾಗಿಯೇ ಇದ್ದೇನೆ" ಎನ್ನುತ್ತಾರೆ, ಪಟ್ಟಿಯಲ್ಲಿ "ಇಲ್ಲ" ಎಂದೇ ದಾಖಲಾಗುತ್ತದೆ. ಪಕ್ಕದಲ್ಲಿ ನಿಂತ ಸೊಸೆಗೋ ಹೆಂಡತಿಗೋ ನಿಜ ಗೊತ್ತಿರುತ್ತದೆ, ಅವರನ್ನು ಕೇಳುವ ಸಾಲು ಅದರಲ್ಲಿಲ್ಲ. ಒಂದು ವೇಳೆ ಅವರು ಬಾಯಿಬಿಟ್ಟರೂ, ತಿರುಗಿ ಅವರಿಗೇನು ಹೇಳಬೇಕೆಂದು ಕಾರ್ಯಕರ್ತೆಗೆ ಯಾರೂ ಕಲಿಸಿರುವುದಿಲ್ಲ. ಈ ಕಾಯಿಲೆಯ ಮಟ್ಟಿಗೆ ದೊಡ್ಡ ಆಸ್ಪತ್ರೆ, ದುಬಾರಿ ಸ್ಕ್ಯಾನ್‌ಗಳಿಗಿಂತ ಮೊದಲು ಆಗಬೇಕಾದ ಕೆಲಸ ಇದು: ಮನೆಬಾಗಿಲಿಗೆ ಬರುವವರ ಬಾಯಲ್ಲಿ ಸರಿಯಾದ ಮಾತು, ಮನೆಯವರ ಭಾಷೆಯಲ್ಲಿ, ಮತ್ತೆ ಮತ್ತೆ ಸಿಗುವ ಹಾಗೆ ಮಾಡುವುದು.

ಡಿಮೆನ್ಶಿಯಾ ಎಂದರೆ ವಯಸ್ಸಾದವರ ಸಹಜ ಮರೆವಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಯಾರೋ ಕದ್ದರೆಂದು ಮನೆಯವರ ಮೇಲೆ ಹರಿಹಾಯುವುದು, ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪುವುದು, ಹುಟ್ಟಿದೂರಿನ ದಾರಿಯಲ್ಲೇ ದಿಕ್ಕುಗೆಡುವುದು ಕಾಯಿಲೆಯ ಲಕ್ಷಣ. ಮಿದುಳಿನ ಜೀವಕೋಶಗಳು ಹಂತಹಂತವಾಗಿ ಹಾಳಾಗುವುದರಿಂದ ನೆನಪಷ್ಟೇ ಅಲ್ಲ, ಮಾತು, ಲೆಕ್ಕ, ತೀರ್ಮಾನ, ಸ್ವಭಾವ ಎಲ್ಲವೂ ಬದಲಾಗುತ್ತವೆ. ಆಲ್ಝೈಮರ್ಸ್ ಇದರ ಸಾಮಾನ್ಯ ರೂಪ, ಮಿದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು ಇನ್ನೊಂದು. ದೇಶದ ಹಿರಿಯರ ಆರೋಗ್ಯವನ್ನು ಅಧ್ಯಯನ ಮಾಡುತ್ತಿರುವ ಲಾಸಿ ಸಮೀಕ್ಷೆಯ ಡಿಮೆನ್ಶಿಯಾ ವಿಭಾಗ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಮರೆವು ಪೇಟೆಯವರ, ಓದಿದವರ ಕಾಯಿಲೆ ಎಂಬ ನಂಬಿಕೆಯನ್ನು ಈ ಅಂಕಿಗಳು ತಲೆಕೆಳಗು ಮಾಡುತ್ತವೆ. ಹಳಿಯಾಳದ ಅಥವಾ ಮುಂಡಗೋಡದ ಒಂದು ಹಳ್ಳಿಯಲ್ಲಿ ಡಿಮೆನ್ಶಿಯಾ ಕಾಣುತ್ತಿಲ್ಲವೆಂದರೆ ಅದು ಅಲ್ಲಿಲ್ಲ ಎಂದಲ್ಲ. ಅದಕ್ಕೆ ಅರಳುಮರಳು ಎಂದೋ, ಮುದುಕರ ಹಟ ಎಂದೋ, ಮೈಮೇಲೆ ಬಂದದ್ದೆಂದೋ ಬೇರೆ ಲೆಕ್ಕ ಹಾಕಲಾಗಿದೆ.

ಇನ್ನು ಔಷಧದ ವಿಚಾರ. ಡೊನೆಪೆಝಿಲ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಕೆಲವು ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಈಚೆಗೆ ಬಂದಿರುವ ಹೊಸ ಚುಚ್ಚುಮದ್ದುಗಳು ತೀರಾ ಆರಂಭದ ಹಂತದವರಿಗೆ, ಮತ್ತೆ ಮತ್ತೆ ಮಿದುಳಿನ ಸ್ಕ್ಯಾನ್ ಮಾಡುವ ಸೌಲಭ್ಯ ಇರುವಲ್ಲಿ ಮಾತ್ರ. ಹಾಗಾಗಿ ರೋಗಿಯ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನಿರ್ಧರಿಸುವುದು ಮನೆಯವರ ನಡವಳಿಕೆ, ಅವರ ತಿಳಿವಳಿಕೆ, ಅವರ ಮೈಮನಸ್ಸಿನ ಬಲ. ಸಂಜೆಯಾಗುತ್ತಲೇ ಗಾಬರಿಗೊಳ್ಳುವವರನ್ನು ಗದರಿದರೆ ಗಾಬರಿ ಹೆಚ್ಚುತ್ತದೆ. ಒಮ್ಮೆಲೇ ಕೂಗಾಟ, ಹೊಡೆದಾಟ ಶುರುವಾದರೆ ಮೂತ್ರದ ಸೋಂಕೋ, ಮಲಬದ್ಧತೆಯೋ, ಹಲ್ಲುನೋವೋ ಇರಬಹುದು. ನೋವನ್ನು ಬಾಯಿಬಿಟ್ಟು ಹೇಳಲಾಗದವರು ಹಾಗೆ ಹೇಳುತ್ತಾರೆ. ನೆಗಡಿಗೆಂದು ಅಂಗಡಿಯಲ್ಲಿ ತಂದ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯೂ, ನಿದ್ದೆ ಮಾತ್ರೆಯೂ ಗೊಂದಲವನ್ನು ಏರಿಸಬಲ್ಲವು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ತಲೆಗೆ ಪೆಟ್ಟಾಗಿ ಒಳಗೆ ಹೆಪ್ಪುಗಟ್ಟಿದ ರಕ್ತ ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣಿಸಿ, ಚಿಕಿತ್ಸೆಗೆ ಬಗ್ಗುವಂಥವು. ಇದನ್ನೆಲ್ಲ ಮನೆಯವರಿಗೆ ಒಬ್ಬರು ಕೂತು ಹೇಳಬೇಕು. ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಬರೆದು, ಮೂರು ತಿಂಗಳ ಮಾತ್ರೆ ಕೊಟ್ಟು ಕಳಿಸಿದರೆ ಚಿಕಿತ್ಸೆಯ ಸಣ್ಣ ಭಾಗವನ್ನು ಕೊಟ್ಟು ದೊಡ್ಡ ಭಾಗವನ್ನು ಮೇಜಿನ ಮೇಲೇ ಬಿಟ್ಟಂತೆ.

ಇದು ಬರೀ ಸದಾಶಯದ ಮಾತಲ್ಲ. ಜೋಯಿಡಾ ತಾಲ್ಲೂಕಿನ ಗಡಿಯಾಚೆ ಇರುವ ಗೋವಾದಲ್ಲೇ ಇದಕ್ಕೆ ಪುರಾವೆ ಇದೆ. ಡಾ. ಅಮಿತ್ ಡಯಾಸ್, ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಡಿಮೆನ್ಶಿಯಾ ಇರುವ 81 ಕುಟುಂಬಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಮನೆಗಳಿಗೆ ಸ್ಥಳೀಯ ಭಾಷೆ ಬಲ್ಲ, ವೈದ್ಯರೂ ದಾದಿಯರೂ ಅಲ್ಲದ, ತರಬೇತಿ ಪಡೆದ ಸಲಹೆಗಾರರು ಹದಿನೈದು ದಿನಕ್ಕೊಮ್ಮೆಯಾದರೂ ಹೋದರು. ಕಾಯಿಲೆ ಏನೆಂದು ವಿವರಿಸಿದರು, ದಿನಚರಿ ಹೊಂದಿಸಲು ನೆರವಾದರು, ಕಷ್ಟದ ನಡವಳಿಕೆಯನ್ನು ನಿಭಾಯಿಸುವ ದಾರಿ ಹೇಳಿಕೊಟ್ಟರು, ಸರ್ಕಾರದ ಸವಲತ್ತುಗಳ ಮಾಹಿತಿ ಕೊಟ್ಟರು, ಬೇಕಾದಲ್ಲಿ ವೈದ್ಯರ ಹತ್ತಿರ ಕಳಿಸಿದರು. ಅವರ ಬೆನ್ನಿಗೆ ಮನೋವೈದ್ಯರಿದ್ದರು. ಆರು ತಿಂಗಳ ನಂತರ ನೋಡಿದಾಗ ಈ ಮನೆಗಳಲ್ಲಿ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಉತ್ತಮಗೊಂಡಿತ್ತು, ರೋಗಿಯ ನಡವಳಿಕೆಯಿಂದ ಅವರಿಗಾಗುತ್ತಿದ್ದ ಸಂಕಟ ಇಳಿದಿತ್ತು. ಕಾಯಿಲೆ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಅದೇ ಕಾಯಿಲೆಯೊಂದಿಗೆ ಅದೇ ಮನೆಯಲ್ಲಿ ಬದುಕುವುದು ಹಗುರವಾಗಿತ್ತು. ಈ ಪ್ರಯೋಗಕ್ಕೆ ಬೇಕಾದದ್ದು ಯಂತ್ರವಲ್ಲ, ಬಂದುಹೋಗುವ ಒಬ್ಬ ಮನುಷ್ಯ ಎಂಬುದನ್ನು ಗಮನಿಸಬೇಕು. ಅಷ್ಟೇ ಅರ್ಥಪೂರ್ಣವಾದ ಇನ್ನೊಂದು ಅನುಭವ ಕೇರಳದ್ದು. ಅಲ್ಲಿ ಡಾ. ಕೆ.ಎಸ್. ಶಾಜಿ ಅವರ ತಂಡ ಅಂಗನವಾಡಿ ಕಾರ್ಯಕರ್ತೆಯರಿಗೆ ಸ್ವಲ್ಪ ತರಬೇತಿ ಕೊಟ್ಟು, ಊರಲ್ಲಿ ಡಿಮೆನ್ಶಿಯಾ ಇರಬಹುದಾದವರನ್ನು ಗುರುತಿಸಲು ಹೇಳಿತು. ಅವರು ಗುರುತಿಸಿದ ಮೂವರಲ್ಲಿ ಸುಮಾರು ಇಬ್ಬರಿಗೆ ಕಾಯಿಲೆ ಇರುವುದು ತಜ್ಞರ ಪರೀಕ್ಷೆಯಲ್ಲಿ ಖಚಿತವಾಯಿತು. ಊರಿನ ಹೆಣ್ಣುಮಗಳ ಕಣ್ಣಿಗೆ ಬೀಳುವುದು ಎಷ್ಟೋ ಸಲ ಹೊರರೋಗಿ ವಿಭಾಗದ ಎರಡು ನಿಮಿಷದಲ್ಲಿ ಕಾಣುವುದಿಲ್ಲ.

ದಾಂಡೇಲಿ ಮತ್ತು ಸುತ್ತಲ ತಾಲ್ಲೂಕುಗಳನ್ನೇ ಇಟ್ಟುಕೊಂಡು ಈ ವಿಷಯ ಬರೆಯುವುದಕ್ಕೆ ಕಾರಣ ಇದೆ. ಕಾಳಿ ನದಿಯ ದಡದಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಮೇಲೆ ದಾಂಡೇಲಿಗೆ ಹತ್ತಾರು ಕಡೆಯಿಂದ ಜನ ಬಂದರು. ಮರಾಠಿ, ಕೊಂಕಣಿ, ಉರ್ದು, ಹಿಂದಿ, ತೆಲುಗು, ಮಲಯಾಳ, ತಮಿಳು ಮನೆಮಾತಿನವರು ಕೆಲಸದ ಕನ್ನಡವನ್ನು ಇಲ್ಲಿ ಕಲಿತರು. ಹಳಿಯಾಳದ ಸಿದ್ದಿಗಳ ಮಾತಿನಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತಿವೆ. ಗೌಳಿಗರ ಮನೆಯಲ್ಲಿ ಮರಾಠಿಯ ಒಂದು ಬಗೆ, ಜೋಯಿಡಾದ ಕುಣಬಿಯರಲ್ಲಿ ಕೊಂಕಣಿ. ಮುಂಡಗೋಡಕ್ಕೆ 1966ರಿಂದ ಬಂದು ನೆಲೆಸಿದ ಟಿಬೆಟನ್ನರ ಹಿರಿಯ ತಲೆಮಾರಿನವರಿಗೆ ಟಿಬೆಟನ್ ಭಾಷೆಯೇ ಉಸಿರು. ಇನ್ನು ದೂರದ ಪಾಡು ಬೇರೆ. ಜೋಯಿಡಾ ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲ್ಲೂಕುಗಳಲ್ಲಿ ಒಂದು, ಜನ ಮಾತ್ರ ಅರ್ಧ ಲಕ್ಷದ ಆಸುಪಾಸು. ಜಿಲ್ಲಾ ಕೇಂದ್ರ ಕಾರವಾರ ಅಣಶಿ ಘಟ್ಟದ ಕೆಳಗಿದೆ. ನರರೋಗ ತಜ್ಞರನ್ನು ಕಾಣಲು ಈ ಭಾಗದವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಮುಖ ಮಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇರುವುದು ದೊಡ್ಡ ಭಾಗ್ಯವೇ. ಆದರೆ ಬಸ್ಸಿನ ಗದ್ದಲ, ಅಪರಿಚಿತ ಕಾರಿಡಾರು, ಗಂಟೆಗಟ್ಟಲೆ ಕಾಯುವಿಕೆ ಇವೆಲ್ಲ ಮರೆವಿರುವವರನ್ನು ಇನ್ನಷ್ಟು ಕಂಗೆಡಿಸುತ್ತವೆ. ವರ್ಷಕ್ಕೊಮ್ಮೆ ಹೋಗಿ ಬರುವುದೇ ಒಂದು ಕುಟುಂಬಕ್ಕೆ ಸಾಕುಸಾಕಾಗುತ್ತದೆ.

ಅಷ್ಟು ದೂರ ಹೋದ ಮೇಲೂ ಮಾತು ಸೇರದಿದ್ದರೆ ಏನಾಗುತ್ತದೆ? ವೈದ್ಯರು ಪುಸ್ತಕದ ಕನ್ನಡದಲ್ಲೋ ಇಂಗ್ಲಿಷ್ ಬೆರೆತ ಕನ್ನಡದಲ್ಲೋ ಕೇಳುತ್ತಾರೆ. ಕಾಯಿಲೆ ಮುಂದುವರಿದಂತೆ ಕೆಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ ತಾಯಿಮಾತೇ ಬಾಯಿಗೆ ಬರತೊಡಗುತ್ತದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕನ್ನಡ ಮಾತಾಡಿದವರು ಈಗ ಕೊಂಕಣಿಯಲ್ಲಿ ಉತ್ತರ ಕೊಟ್ಟರೆ, ಅದನ್ನು ಮೊಮ್ಮಗ ತನಗೆ ತಿಳಿದಷ್ಟು ಕನ್ನಡ ಮಾಡಿ ಹೇಳುತ್ತಾನೆ. ಅಜ್ಜ ತಪ್ಪು ಹೇಳಿದ್ದನ್ನು ನಾಚಿಕೆಯಿಂದ ಸರಿಪಡಿಸಿಯೂ ಬಿಡುತ್ತಾನೆ, ಆಗ ಪರೀಕ್ಷೆಯ ಅಂಕ ಅಜ್ಜನದಲ್ಲ, ಮೊಮ್ಮಗನದಾಗುತ್ತದೆ. ಶಾಲೆಯ ಮುಖ ಕಾಣದವರಿಗೆ ನೂರರಿಂದ ಏಳೇಳು ಕಳೆಯಿರಿ ಎನ್ನುವ ಪರೀಕ್ಷೆ ಅವರ ನೆನಪನ್ನಲ್ಲ, ಅವರಿಗೆ ಸಿಗದ ಓದನ್ನು ಅಳೆಯುತ್ತದೆ. ಇದಕ್ಕೆ ಪರಿಹಾರ ವಿಜ್ಞಾನದ ಒಳಗೇ ಹುಟ್ಟಿದೆ. ಹರಿಯಾಣದ ಬಲ್ಲಭ್‌ಗಢದ ಅನಕ್ಷರಸ್ಥ ಹಿರಿಯರಿಗಾಗಿ ತೊಂಬತ್ತರ ದಶಕದಲ್ಲೇ ಹಿಂದಿಯಲ್ಲಿ ಬೇರೆ ಪರೀಕ್ಷೆ ರೂಪಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಿಗೆ ಒಗ್ಗುವ ಪರೀಕ್ಷಾ ಸಾಧನವನ್ನು ಸಿದ್ಧಪಡಿಸಿದೆ. ಕನ್ನಡದ ಪರೀಕ್ಷೆ ಇದ್ದರಷ್ಟೇ ಕುಣಬಿ ಅಜ್ಜಿಗೆ ನ್ಯಾಯವಾಗದು, ನಿಜ. ಆದರೂ ಸಾಧನ ಇದೆ, ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಈ ಭಾಷಾ ಬೆರಕೆಯನ್ನು ಬರೀ ತೊಡಕೆಂದು ಎಣಿಸುವುದೂ ತಪ್ಪು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ತಿಳಿಸಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತ್ತು. ದಾಂಡೇಲಿ, ಹಳಿಯಾಳದ ಸಾಮಾನ್ಯ ಜನ ಸಂತೆಯಲ್ಲಿ ಒಂದು, ಮನೆಯಲ್ಲಿ ಒಂದು, ಗುಡಿ ಇಗರ್ಜಿಯಲ್ಲಿ ಇನ್ನೊಂದು ಭಾಷೆ ಆಡುತ್ತಾರೆ. ಅವರನ್ನು ಮಾತಾಡಿಸುವ ಆಸ್ಪತ್ರೆಗೆ ಒಂದೇ ಭಾಷೆ ಸಾಕೆನ್ನುವುದು ಸರಿಯಲ್ಲ.

ಮನೆಯೊಳಗಿನ ಮಾತಿಗೆ ಬರೋಣ. ಜೋಯಿಡಾ ತಾಲ್ಲೂಕಿನ ಸೂಪಾ ಅಣೆಕಟ್ಟೆಗಾಗಿ ಹಳೆಯ ಸೂಪಾ ಪೇಟೆ ಮತ್ತು ಸುತ್ತಲ ಹಳ್ಳಿಗಳು ಮುಳುಗಿದವು, ಎಷ್ಟೋ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರಕ್ಕೆ ಬಂದು ನೆಲೆಸಿದವು. ಅಂಥ ಮನೆಯ ಅಜ್ಜಿಯೊಬ್ಬಳು ಇಳಿಹೊತ್ತಿನಲ್ಲಿ ಬಾಗಿಲ ಬಳಿ ನಿಂತು "ಮನೆಗೆ ಹೋಗಬೇಕು, ದನ ಕಟ್ಟುವ ಹೊತ್ತಾಯಿತು" ಎನ್ನುತ್ತಾಳೆ ಎಂದುಕೊಳ್ಳಿ. "ಇದೇ ನಿನ್ನ ಮನೆ, ಆ ಮನೆ ನೀರಲ್ಲಿ ಹೋಗಿ ಎಷ್ಟು ವರ್ಷವಾಯಿತು" ಎಂದು ಸತ್ಯವನ್ನೇ ಹೇಳಿದರೆ ಅವಳು ಆ ದುಃಖವನ್ನು ಇವತ್ತೇ ಹೊಸದಾಗಿ ಉಣ್ಣಬೇಕಾಗುತ್ತದೆ. ನಾಳೆ ಸಂಜೆ ಮತ್ತೆ ಉಣ್ಣಬೇಕು. "ದನ ಎಷ್ಟಿದ್ದವು? ಯಾವುದು ಹೆಚ್ಚು ಹಾಲು ಕೊಡುತ್ತಿತ್ತು?" ಎಂದು ಕೇಳುತ್ತ ಜಗಲಿಗೆ ಕರೆತಂದು ಚಹಾ ಕೈಗಿತ್ತರೆ, ಮಾತು ಗೊತ್ತಿರುವ ದಾರಿಯಲ್ಲಿ ಹರಿದು ಗಾಬರಿ ಇಳಿಯುತ್ತದೆ. ಇದು ಸುಳ್ಳು ಹೇಳುವುದಲ್ಲ, ಅವಳ ಮನಸ್ಸು ಇರುವ ಜಾಗಕ್ಕೆ ನಾವು ಹೋಗುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು, ಎದುರು ಕೂತು ಮುಖ ಕಾಣುವಂತೆ ಮಾತಾಡುವುದು, ಉತ್ತರಕ್ಕೆ ಕಾಯುವುದು, "ನೆನಪಿಲ್ವಾ?" "ಈಗಷ್ಟೇ ಹೇಳಿದೆನಲ್ಲ!" ಎಂಬ ಮಾತುಗಳನ್ನು ಬಿಟ್ಟುಬಿಡುವುದು, "ಏನು ಊಟ ಮಾಡುತ್ತೀ?" ಎನ್ನುವ ಬದಲು "ರೊಟ್ಟಿ ಬೇಕಾ, ಗಂಜಿ ಬೇಕಾ?" ಎನ್ನುವುದು ಇವೆಲ್ಲ ಕಲಿಯಬಹುದಾದ ಕೆಲಸಗಳು. ಪ್ರೀತಿ ಇದ್ದರೆ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಪ್ರೀತಿ ಇದ್ದೂ ಗೊತ್ತಿಲ್ಲದೆ ಗದರುವವರೇ ಹೆಚ್ಚು, ಗದರಿ ಆಮೇಲೆ ಕೊರಗುವವರೂ ಅವರೇ.

ಮಾತಿನ ಬಗ್ಗೆ ಬರೆಯುವಾಗ ಕಿವಿಯನ್ನು ಮರೆಯುವುದು ವಿಚಿತ್ರವಾದರೂ ಹಾಗೆ ಆಗುತ್ತಲೇ ಇರುತ್ತದೆ. ಡಿಮೆನ್ಶಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರ ವರದಿಯಲ್ಲಿ ತಡೆಯಬಹುದಾದ ಅಥವಾ ಮುಂದೂಡಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನಗಳ ಜತೆಗೆ ಕಿವಿ ಮಂದವಾಗುವುದೂ ಅದರಲ್ಲಿದೆ. ಕಾರ್ಖಾನೆಯ ಸದ್ದಿನಲ್ಲಿ ದುಡಿದು ನಿವೃತ್ತರಾದವರು ತುಂಬಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಕೇಳಿಸದೆ ಸುಮ್ಮನಿರುವವರನ್ನು ಮರೆವು ಬಂದಿದೆ ಎಂದುಕೊಳ್ಳುತ್ತೇವೆ, ಮರೆವು ಬಂದವರನ್ನು ಕಿವುಡೆಂದು ಕೂಗಿ ಬೆದರಿಸುತ್ತೇವೆ. ನೆನಪಿನ ಪರೀಕ್ಷೆಗೆ ಮೊದಲು ಕಿವಿಯ ಗುಗ್ಗೆ ತೆಗೆಸಿ, ಶ್ರವಣ ಪರೀಕ್ಷೆ ಮಾಡಿಸಿ, ಕಣ್ಣಿಗೆ ಸರಿಯಾದ ಕನ್ನಡಕ ಕೊಡಿಸಬೇಕು. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆ ದಾಂಡೇಲಿಯಲ್ಲೇ ಇದೆ. ನಿವೃತ್ತ ವಿಮಾದಾರರೂ ಅವರ ಪತಿ ಅಥವಾ ಪತ್ನಿಯೂ ವರ್ಷಕ್ಕೆ ಸಣ್ಣ ಮೊತ್ತ ಕಟ್ಟಿ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳುವ ಅವಕಾಶ ನಿಯಮದಲ್ಲಿದೆ.

ಈ ವಾದಕ್ಕೆ ಎದುರಾಡುವವರ ಮಾತನ್ನೂ ಗೌರವದಿಂದ ಕೇಳಬೇಕು. ವಾಸಿಯಾಗದ ಕಾಯಿಲೆಯ ಹೆಸರು ಹೇಳಿ ಏನು ಪ್ರಯೋಜನ, ಸುಮ್ಮನೆ ಮನೆಮಂದಿಯ ಧೈರ್ಯ ಕುಂದುತ್ತದೆ, ಹುಚ್ಚಿನ ಹಣೆಪಟ್ಟಿ ಅಂಟಿ ಮಕ್ಕಳ ಸಂಬಂಧಕ್ಕೂ ಅಡ್ಡಿಯಾಗುತ್ತದೆ ಎಂಬುದು ಮೊದಲನೆಯದು. ಈ ಭಯ ಸುಳ್ಳಲ್ಲ. ಆದರೆ ಹೆಸರು ಹೇಳದಿದ್ದರೆ ಹಣೆಪಟ್ಟಿ ತಪ್ಪುವುದೇ? "ಮುದುಕಿಗೆ ಸೊಸೆ ಊಟ ಹಾಕುವುದಿಲ್ಲವಂತೆ" ಎಂದು ಊರು ಆಡಿಕೊಳ್ಳುವುದು ಉಂಡದ್ದನ್ನು ಮರೆತ ಅತ್ತೆಯ ಮಾತು ಕೇಳಿಯೇ. ಇದು ಮಿದುಳಿನ ಕಾಯಿಲೆ, ಅವಳು ಬೇಕೆಂದು ಹೇಳುತ್ತಿಲ್ಲ, ಇವಳು ಬೇಕೆಂದು ಉಪವಾಸ ಕೆಡವಿಲ್ಲ ಎಂದು ಆರೋಗ್ಯ ಕಾರ್ಯಕರ್ತೆ ನಾಲ್ಕು ಜನರೆದುರು ಹೇಳಿದರೆ ಎರಡೂ ಜೀವಕ್ಕೆ ನ್ಯಾಯ ಸಿಗುತ್ತದೆ. ರೋಗಿಗೇ ಹೇಳಬೇಕೇ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ನಮ್ಮಲ್ಲಿ ಮನೆಯವರು ವೈದ್ಯರ ಕಿವಿಯಲ್ಲಿ "ಅವರಿಗೆ ಹೇಳಬೇಡಿ" ಎನ್ನುವುದು ವಾಡಿಕೆ. ಆರಂಭದ ಹಂತದಲ್ಲಿರುವವರಿಗೆ ತಮಗೇನೋ ಆಗುತ್ತಿದೆ ಎಂದು ಮೊದಲೇ ಗೊತ್ತಿರುತ್ತದೆ. ಜಮೀನು, ಉಳಿತಾಯ, ಪಿಂಚಣಿ, ತಮ್ಮ ಆರೈಕೆ ಯಾರ ಕೈಯಲ್ಲಿರಬೇಕು ಎಂಬುದನ್ನು ತೀರ್ಮಾನಿಸಬಲ್ಲ ಕಾಲ ಅದೊಂದೇ. ಹಾಗಾಗಿ "ನಿಮಗೆ ಎಷ್ಟು ತಿಳಿದುಕೊಳ್ಳುವ ಆಸೆ ಇದೆ?" ಎಂದು ಅವರನ್ನೇ ಕೇಳಿ, ಅವರು ಬಯಸಿದಷ್ಟು ಹೇಳುವುದು ಸರಿಯಾದ ಕ್ರಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೆನಪಿನ ಗಂಭೀರ ಏರುಪೇರನ್ನೂ ತನ್ನ ವ್ಯಾಪ್ತಿಯಲ್ಲಿ ತಂದುಕೊಂಡಿದೆ. ಕಾಯಿಲೆಯ ಸ್ವರೂಪ, ಚಿಕಿತ್ಸೆಯ ವಿವರಗಳನ್ನು ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಯುವುದನ್ನು ಅದು ಹಕ್ಕೆಂದೇ ಹೇಳುತ್ತದೆ.

ಎರಡನೆಯ ಆಕ್ಷೇಪ ಆಶಾ ಕಾರ್ಯಕರ್ತೆಯರ ಕಡೆಯಿಂದಲೇ ಬರುವಂಥದ್ದು, ಅದು ನನಗೆ ಹೆಚ್ಚು ಭಾರವಾಗಿ ತೋರುತ್ತದೆ. ಗರ್ಭಿಣಿಯರು, ಬಾಣಂತಿಯರು, ಲಸಿಕೆ, ಕ್ಷಯ, ಸಮೀಕ್ಷೆಯ ಮೇಲೆ ಸಮೀಕ್ಷೆ ಎಲ್ಲವೂ ಅವರ ತಲೆಯ ಮೇಲೆಯೇ ಇದೆ, ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಇನ್ನೊಂದು ಕೆಲಸವನ್ನು ಪುಕ್ಕಟೆ ಹೊರಿಸುವುದು ಅನ್ಯಾಯ. ಆದ್ದರಿಂದ ಡಿಮೆನ್ಶಿಯಾ ಮನೆಗಳ ಭೇಟಿಗೆ ಪ್ರತ್ಯೇಕ ಹಣ ಕೊಡಲೇಬೇಕು. ಒಬ್ಬ ಕಾರ್ಯಕರ್ತೆಯ ವ್ಯಾಪ್ತಿಯ ಸಾವಿರದಷ್ಟು ಜನರಲ್ಲಿ ಅಂಥ ಮನೆಗಳು ಕೆಲವೇ ಇರುತ್ತವೆ, ಖರ್ಚು ಕೈಮೀರದು. ಮೊಬೈಲಿನಲ್ಲಿ ಮಾಹಿತಿ ಹಾಕಿದರೆ ಸಾಲದೇ ಎಂದು ಕೇಳುವವರಿಗೂ ಉತ್ತರ ಇದೆ. ವಿಶ್ವ ಆರೋಗ್ಯ ಸಂಸ್ಥೆ ಆರೈಕೆದಾರರಿಗಾಗಿ ರೂಪಿಸಿದ ಐಸಪೋರ್ಟ್ ಎಂಬ ಅಂತರ್ಜಾಲ ಪಾಠವನ್ನು ನಿಮ್ಹಾನ್ಸ್ ಸಂಶೋಧಕರು ಭಾರತದಲ್ಲಿ ಪರೀಕ್ಷಿಸಿದಾಗ, ಕಾಯಿಲೆಯವರನ್ನು ವ್ಯಕ್ತಿಯಾಗಿ ಕಾಣುವ ಮನೋಭಾವ ಸುಧಾರಿಸಿತೇ ಹೊರತು ಆರೈಕೆದಾರರ ಹೊರೆಯಾಗಲಿ ಖಿನ್ನತೆಯಾಗಲಿ ಗಣನೀಯವಾಗಿ ತಗ್ಗಲಿಲ್ಲ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಜೋಯಿಡಾದ ಹಳ್ಳಿಗಳಲ್ಲಿ ಅಷ್ಟು ಫಲವನ್ನೂ ನಿರೀಕ್ಷಿಸಲಾಗದು. ಫೋನು ನಿಷ್ಪ್ರಯೋಜಕ ಎಂದಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567 ಇವನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಬೇಕು. ಆದರೆ ಅವು ಬಂದುಹೋಗುವವರ ಕೈಗೆ ಆಸರೆಯಾಗಬೇಕೇ ಹೊರತು ಅವರ ಜಾಗವನ್ನು ತುಂಬಲಾರವು.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಬೆಂಗಳೂರಿನ ಜಯನಗರದ ಸಾರ್ವಜನಿಕ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿದೆ. ಜಿಲ್ಲೆಗೊಂದು ಕ್ಲಿನಿಕ್ಕು ಬರುವುದು ಒಳ್ಳೆಯದೇ, ಆದರೆ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಿಗೆ ಅದರ ಕೊನೆಯ ಕೊಂಡಿ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಇರಬೇಕು. ಆಶಾ ಗುರುತಿಸಿದವರನ್ನು ಸಮುದಾಯ ಆರೋಗ್ಯ ಅಧಿಕಾರಿ ಒಮ್ಮೆ ಮನೆಗೇ ಹೋಗಿ ನೋಡಲಿ. ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ತರಿಸಿ ಪರಿಶೀಲಿಸಲಿ. ರಕ್ತಪರೀಕ್ಷೆ, ಕಿವಿ, ಕಣ್ಣು ತಾಲ್ಲೂಕು ಆಸ್ಪತ್ರೆಯಲ್ಲೇ ಮುಗಿಯಲಿ. ತಜ್ಞರ ಹತ್ತಿರ ಹೋಗುವುದು ಒಂದೇ ಸಲ, ಎಲ್ಲ ಕಾಗದಗಳೊಂದಿಗೆ ಇರಲಿ. ಅಲ್ಲಿಂದ ಬಂದ ಮೇಲೆ ತಿಂಗಳಿಗೊಮ್ಮೆ ಅದೇ ಕಾರ್ಯಕರ್ತೆ ಬಂದು ರೋಗಿಯ ಜತೆ ಹತ್ತು ನಿಮಿಷ, ಆರೈಕೆ ಮಾಡುವವಳ ಜತೆ ಪ್ರತ್ಯೇಕವಾಗಿ ಹತ್ತು ನಿಮಿಷ ಕೂರಲಿ. ರಾತ್ರಿ ನಿದ್ದೆ ಬರುತ್ತದೆಯೇ, ಕೈಯೆತ್ತಿಬಿಡುವಷ್ಟು ಸಿಟ್ಟು ಬಂದದ್ದಿದೆಯೇ, ಒಂದು ದಿನ ತವರಿಗೆ ಹೋಗಬೇಕೆಂದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಅವಳಿಗೆಂದೇ ಕೇಳಲಿ. ಕೊಂಕಣಿ, ಮರಾಠಿ, ಸಿದ್ದಿ, ಟಿಬೆಟನ್ ಬಲ್ಲ ಹೆಣ್ಣುಮಕ್ಕಳು ಈ ತಾಲ್ಲೂಕುಗಳ ಕಾಲೇಜುಗಳಲ್ಲೇ ಓದುತ್ತಿದ್ದಾರೆ, ಗೋವಾದ ಮಾದರಿಯಲ್ಲಿ ಅವರಿಗೆ ತರಬೇತಿ ಕೊಡಲು ತೊಡಕೇನೂ ಇಲ್ಲ. ತರಬೇತಿ, ಹಣ, ಹುದ್ದೆಗಳಿಗೆ ಕಾಲ ಹಿಡಿಯಬಹುದು. ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ರೋಗಿಯ ಮನೆಮಾತು ಯಾವುದು, ನೋಡಿಕೊಳ್ಳುವವರು ಯಾರು ಎಂದು ಬರೆಯಲು ಎರಡು ಸಾಲು ಸೇರಿಸುವುದಕ್ಕೆ ಮಾತ್ರ ಬೆಂಗಳೂರಿನ ಆದೇಶ ಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ ಈ ವಾರವೇ ಮಾಡಬಹುದು.